ರ‍್ಯಾಕ್ ಫಿಟ್ಟಿಂಗ್ ಸರ್ವಿಸ್: ಅರ್ಥಿಂಗ್ ಕೆಲಸ ಗಟ್ಟಿ, ಬಿಲ್ ಗೋಜಲು

ಐದಕ್ಕೆ ನಾಲ್ಕು ಸ್ಟಾರ್. ಮೈಸೂರಿನ ನಮ್ಮ ಆಫೀಸಿಗೆ 42 ಯು ರ‍್ಯಾಕ್ (ಆಳೆತ್ತರದ ಲೋಹದ ಕಪಾಟು) ತಂದು, ಅದರಲ್ಲಿ ನೆಟ್‌ವರ್ಕ್ ಸ್ವಿಚ್, ರೂಟರ್, ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್ ಎಲ್ಲ ಕೂರಿಸಲು ಊರಿನದೇ ಒಂದು ಚಿಕ್ಕ ತಂಡವನ್ನು ಕರೆಸಿದ್ದೆವು. ಸ್ಟಾರ್ ಕೊಟ್ಟಿರುವುದು ಮುಖ್ಯವಾಗಿ ಅರ್ಥಿಂಗ್‌ಗೆ. ಮೂರು ಪಿನ್ನಿನ ಪ್ಲಗ್ ಇದೆಯಲ್ಲ, ಸಾಕು ಅಂತ ಕೈ ತೊಳೆದುಕೊಳ್ಳುವವರೇ ಜಾಸ್ತಿ.

ಇವರು ಒಂದು ಸ್ವಿಚ್ಚನ್ನೂ ಡಬ್ಬದಿಂದ ತೆಗೆಯುವ ಮೊದಲು ಕಟ್ಟಡದ ಅರ್ಥಿಂಗ್ ಗುಂಡಿಗೆ ಟೆಸ್ಟರ್ ಹಾಕಿದರು, ಆಮೇಲೆ ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಬರುತ್ತದೆ ಅಂತ ನೋಡಿದರು. ರ‍್ಯಾಕ್ ಹಿಂದೆ ತಾಮ್ರದ ಬಸ್‌ಬಾರ್, ಅಂದರೆ ಅರ್ಥ್ ವೈರ್‌ಗಳೆಲ್ಲ ಬಂದು ಸೇರುವ ಕಂಬಿ, ಬಿಗಿದು, ಅದಕ್ಕೆ ಮೇನ್ ಅರ್ಥ್‌ನಿಂದ ದಪ್ಪ ಹಸಿರು-ಹಳದಿ ವೈರ್ ಎಳೆದರು. ಪ್ರತಿ ಸ್ವಿಚ್ಚಿಗೂ ಬಾರ್‌ನಿಂದ ಬೇರೆ ಬೇರೆ ವೈರ್. ಒಂದರಿಂದ ಇನ್ನೊಂದಕ್ಕೆ ಎಳೆದರೆ, ನಡುವಿನದನ್ನು ರಿಪೇರಿಗೆ ಬಿಚ್ಚಿದ ದಿನ ಅದರ ಮುಂದಿನವಕ್ಕೆಲ್ಲ ಅರ್ಥ್ ಹೋಯಿತು, ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಪೇಂಟ್ ಕೆರೆದ ರೀತಿ. ರ‍್ಯಾಕ್ ಮೇಲಿನ ಪೌಡರ್ ಕೋಟಿಂಗ್ ಕರೆಂಟ್ ಹರಿಯಲು ಬಿಡುವುದಿಲ್ಲ, ಬೋಲ್ಟ್ ಎಷ್ಟೇ ಬಿಗಿದರೂ ಅಷ್ಟೇ. ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಕೂರುವ ಜಾಗದಲ್ಲಿ ಲೋಹ ಕಾಣುವಷ್ಟು ಕೆರೆದು, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿದರು. ಬಾಗಿಲಿನ ಕೀಲನ್ನೂ ನಂಬಲಿಲ್ಲ, ಅಲ್ಲಿಗೆ ಹೆಣೆದ ತಾಮ್ರದ ಪಟ್ಟಿ ಕೊಟ್ಟು ಮೀಟರ್‌ನಲ್ಲಿ ರೆಸಿಸ್ಟೆನ್ಸ್ ಸೊನ್ನೆಯ ಹತ್ತಿರ ಬರುವುದನ್ನು ತೋರಿಸಿದರು.

ನಮ್ಮ ಎಲೆಕ್ಟ್ರಿಷಿಯನ್ ಮಾತ್ರ ಸರ್ವರ್ ರೂಮಿಗೆ ಬೇರೆಯೇ ಗುಂಡಿ ತೋಡೋಣ ಎಂದು ಹಟ ಹಿಡಿದಿದ್ದರು. "ಬೇರೆ ತೋಡಿದರೂ ಕೊನೆಗೆ ಮೇನ್ ಅರ್ಥ್‌ಗೆ ಸೇರಿಸಲೇಬೇಕು ಸರ್" ಎಂದರು ತಂಡದವರು. ಸರಿಯಾದ ಮಾತು. ಸೇರಿಸದೆ ಬಿಟ್ಟರೆ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದಾಗ ಎರಡು ಗುಂಡಿಗಳ ವೋಲ್ಟೇಜ್ ಬೇರೆ ಬೇರೆಯಾಗಿ, ಆ ವ್ಯತ್ಯಾಸ ಸ್ವಿಚ್ಚಿನ ಪೋರ್ಟ್‌ಗಳ ಮೂಲಕವೇ ದಾರಿ ಹುಡುಕಿಕೊಳ್ಳುತ್ತದೆ.

ಒಂದು ಸ್ಟಾರ್ ಕಡಿಮೆ ಯಾಕೆಂದರೆ ಬಿಲ್. ಲಗ್, ವಾಷರ್, ತಾಮ್ರದ ಪಟ್ಟಿ ಯಾವುದೂ ಕೊಟೇಶನ್‌ನಲ್ಲಿ ಇರಲಿಲ್ಲ, ಕೊನೆಗೆ ಒಂದೊಂದಾಗಿ ಸೇರಿಕೊಂಡವು. ವೈರ್‌ಗಳಿಗೆ ಲೇಬಲ್ ಹಾಕಿಲ್ಲ. ಟೆಸ್ಟ್ ರೀಡಿಂಗ್ ಬರೆದ ಹಾಳೆಯೂ ಕೇಳಿ ಕೇಳಿ ಸಿಕ್ಕಿದ್ದು. ನೀವು ಇಂಥ ಕೆಲಸ ಮಾಡಿಸುವುದಾದರೆ ಸಾಮಾನಿನ ಪಟ್ಟಿ ಮೊದಲೇ ಬರೆಸಿಕೊಳ್ಳಿ, ರೀಡಿಂಗ್ ಹಾಳೆ ಕೈಗೆ ಬರುವ ತನಕ ಕೊನೆಯ ಕಂತು ಕೊಡಬೇಡಿ.