ಉಡುಪಿಯ ಒಂದು ಅರ್ಜಿ ಅಂಗಡಿ: ನಾಲ್ಕು ಹಾಳೆ, ನಾಲ್ಕು ದಾರಿ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಒಂದು ಹಳೆಯ ಹಂಚಿನ ಕಟ್ಟಡ ಸಿಗುತ್ತದೆ. ಅದರ ಮಾಳಿಗೆಯಲ್ಲಿದೆ ಈ ಅಂಗಡಿ. ಬೋರ್ಡಿನಲ್ಲಿ ಮೂರೇ ಮಾತು: ಟೈಪಿಂಗ್, ಜೆರಾಕ್ಸ್, ಅರ್ಜಿ. ತಮ್ಮ ಹೆಸರು ಎಲ್ಲೂ ಹಾಕಬಾರದು ಎಂದು ಅಂಗಡಿಯವರು ಕೇಳಿಕೊಂಡಿದ್ದಾರೆ. ಬರುವವರೆಲ್ಲ ಅವರನ್ನು ‘ರೈಟರ್’ ಎಂದೇ ಕರೆಯುವುದು, ನಾನೂ ಹಾಗೆಯೇ ಬರೆಯುತ್ತೇನೆ.

ಕಳೆದ ವರ್ಷ ಆಸಾಡಿಯಲ್ಲಿ ನನ್ನ ತಮ್ಮ ಒಂದು ಹಾಳೆ ಹಿಡಿದುಕೊಂಡು ಉಡುಪಿಗೆ ಬಂದ. ನನ್ನ ತವರು ಬೈಂದೂರು ಕಡೆ, ಹೆದ್ದಾರಿ 66ರ ಬದಿಯಲ್ಲೇ ಮನೆ. ರಸ್ತೆ ಅಗಲವಾದ ಮೇಲೆ ತಮ್ಮನ ಮೊಮ್ಮಗಳು ಶಾಲೆಗೆ ಹೋಗಬೇಕಾದರೆ ನಾಲ್ಕು ಪಥ ದಾಟಬೇಕು. ಮಳೆಗಾಲದ ಬೆಳಿಗ್ಗೆ, ಕೊಡೆ ಅಡ್ಡವಾಗಿ, ಮೀನಿನ ಲಾರಿಗಳ ನಡುವೆ. ಒಂದನೇ ಕ್ಲಾಸಿನ ಮಗು. ದಾಟಲು ಒಂದು ವ್ಯವಸ್ಥೆ ಬೇಕು ಎಂದು ಊರವರೆಲ್ಲ ಸೇರಿ ಅರ್ಜಿ ಮಾಡಿದ್ದರು. ಹೇಗೂ ಬರೆಯುತ್ತೇವಲ್ಲ ಎಂದು ಅದರಲ್ಲೇ ಬೀದಿದೀಪ, ಚರಂಡಿ, ಶಾಲೆ ದಾರಿಯ ಮುರಿದ ಮೋರಿ, ಸಂಜೆಯ ಸರ್ಕಾರಿ ಬಸ್ಸು ಎಲ್ಲವನ್ನೂ ಸೇರಿಸಿದ್ದರು. ಊರ ಕಡೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನೂರೈವತ್ತು ರೂಪಾಯಿ ತೆಗೆದುಕೊಂಡು, ‘ಮಾನ್ಯ ಸಂಸದರು, ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ’ ಎಂದು ವಿಳಾಸ ಹಾಕಿ ಟೈಪ್ ಮಾಡಿ ಕೊಟ್ಟಿದ್ದರು.

ಆ ಸಂಸದರ ಕಚೇರಿಗೆ ಕೊಡಲು ಹೋದ ತಮ್ಮ ಅದೇ ಹಾಳೆಯ ಜೊತೆ ನನ್ನ ಮನೆಗೆ ಬಂದು ಕುಳಿತ. “ಅಕ್ಕ, ಇದ್ ನಮ್ ಎಂಪಿ ಅಲ್ಲ ಅಂಬ್ರ್” ಎಂದ. ಅಲ್ಲಿದ್ದವರು ಮರ್ಯಾದೆಯಿಂದಲೇ ಹೇಳಿದ್ದರು, ಅವರದೇನೂ ತಪ್ಪಿಲ್ಲ. ಆದರೆ ಒಂದು ದಿನದ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ, ಅರವತ್ತು ಜನರ ಸಹಿ ಹೊತ್ತು ಬಂದವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಊಟ ಮಾಡಿಸಿ, ಮಧ್ಯಾಹ್ನವೇ ರೈಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಹಾಳೆ ಓದುವ ಮೊದಲು ಕೇಳಿದ್ದು ತಮ್ಮನ ವೋಟರ್ ಕಾರ್ಡು. ತಿರುಗಿಸಿ ವಿಧಾನಸಭಾ ಕ್ಷೇತ್ರದ ಹೆಸರು ನೋಡಿ, “ಜಿಲ್ಲೆಗೆ ನೀವು ಉಡುಪಿ, ಲೋಕಸಭೆಗೆ ಶಿವಮೊಗ್ಗ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಟೀಚರೇ, ನಮ್ಮ ರಾಜ್ಯದಲ್ಲಿ ಎಂಎಲ್‌ಎ ಕ್ಷೇತ್ರ 224, ಎಂಪಿ ಕ್ಷೇತ್ರ 28. ಭಾಗಿಸಿ ನೋಡಿ” ಎಂದರು. ಎಂಟು. ಅಂದರೆ ಒಂದು ಎಂಪಿ ಕ್ಷೇತ್ರಕ್ಕೆ ಎಂಟು ಎಂಎಲ್‌ಎ ಕ್ಷೇತ್ರ. ದಕ್ಷಿಣ ಕನ್ನಡದಲ್ಲಿ ಬೆಳ್ತಂಗಡಿಯಿಂದ ಸುಳ್ಯದವರೆಗೆ ಸರಿಯಾಗಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಹಾಗಾಗಿ ಅಲ್ಲಿ ಜಿಲ್ಲೆಯೂ ಲೋಕಸಭಾ ಕ್ಷೇತ್ರವೂ ಒಂದೇ. ಉಡುಪಿ ಜಿಲ್ಲೆಯಲ್ಲಿ ಬೈಂದೂರು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಒಟ್ಟು ಐದು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಐದು. ಕೂಡಿಸಿದರೆ ಹತ್ತಾಗುತ್ತದೆ, ಎರಡು ಹೆಚ್ಚು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಮರುವಿಂಗಡಣೆಯಲ್ಲಿ ಅತ್ತ ಕಡೂರು ಹಾಸನಕ್ಕೆ ಸೇರಿತು. ಇತ್ತ ಬೈಂದೂರು ಶಿವಮೊಗ್ಗ ಜಿಲ್ಲೆಯ ಏಳರ ಜೊತೆ ಎಂಟನೆಯದಾಯಿತು.

ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಕ್ಕಳಿಗೆ ಭಾಗಾಕಾರ ಕಲಿಸಿದವಳು ನಾನು. ಕೊಲ್ಲೂರು, ಮರವಂತೆಯ ಜನರ ಎಂಪಿ ಘಟ್ಟದ ಮೇಲಿನ ಕ್ಷೇತ್ರದವರು ಏಕೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಹೇಳಿರಲಿಲ್ಲ.

ಆಮೇಲೆ ಅವರು ಒಂದು ಹಾಳೆಯನ್ನು ನಾಲ್ಕು ಮಾಡಿದರು. ಈ ಅಂಗಡಿಯ ನಿಜವಾದ ಸೇವೆ ಇದೇ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಪ್ರತಿಯೊಂದಕ್ಕೂ ಅವರು ಕೇಳುವ ಪ್ರಶ್ನೆ ಒಂದೇ: “ಈ ರಸ್ತೆ ಯಾರದ್ದು?” ಹೆದ್ದಾರಿ ಕೇಂದ್ರದ್ದು. ಅದನ್ನು ದಾಟುವ ವ್ಯವಸ್ಥೆಯ ಅರ್ಜಿ ಶಿವಮೊಗ್ಗ ಸಂಸದರಿಗೆ, ಪ್ರತಿ ಹೆದ್ದಾರಿ ನೋಡಿಕೊಳ್ಳುವವರಿಗೆ, ಇನ್ನೊಂದು ಪ್ರತಿ ಮಣಿಪಾಲದ ರಜತಾದ್ರಿ ಕಚೇರಿಯಲ್ಲಿ ಜಿಲ್ಲಾಧಿಕಾರಿಗಳಿಗೆ. ಬೀದಿದೀಪ, ಚರಂಡಿ ಗ್ರಾಮ ಪಂಚಾಯತಿಗೆ. “ಇದನ್ನು ಕೊಟ್ಟು ಬಂದರೆ ಸಾಲದು, ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ, ನಡಾವಳಿಯಲ್ಲಿ ಬರೆಸಿ” ಎಂದು ತಮ್ಮನಿಗೆ ಎರಡು ಸಲ ಹೇಳಿದರು. ಸುಮಾರು ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯರಿರುವ ಜಾಗ ಅದು, ನಿಮ್ಮ ಮನೆ ಅಂಗಳ ನೋಡಿದವರೇ ಅಲ್ಲಿ ಕೂತಿರುತ್ತಾರೆ ಎಂದರು.

ಮೋರಿಯ ವಿಷಯದಲ್ಲಿ ಮಾತ್ರ ಪೆನ್ನು ಕೆಳಗಿಟ್ಟರು. ಅದು ಜಿಲ್ಲಾ ಪಂಚಾಯತ್ ರಸ್ತೆ. ಹಿಂದೆಲ್ಲ ಇಂಥದ್ದನ್ನು ಜಿಲ್ಲಾ ಪಂಚಾಯತ್ ಸದಸ್ಯರ ಮನೆಗೇ ಹೋಗಿ ಹೇಳಬಹುದಿತ್ತು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಳು ಕಳೆದರೂ ಚುನಾವಣೆ ಬರಲಿಲ್ಲ. ತಾಲ್ಲೂಕು ಪಂಚಾಯತಿಗೂ ಅದೇ ಗತಿ. ಗ್ರಾಮ ಪಂಚಾಯತ್ ಸದಸ್ಯರಿಗೂ ಶಾಸಕರಿಗೂ ನಡುವೆ ಇದ್ದ ಎರಡು ಮೆಟ್ಟಿಲು ಖಾಲಿ. ಈ ಮಾತು ಕೇಳುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಶಾಲೆಯ ಸೋರುವ ಮಾಡು, ಕುಸಿದ ಪಾಗಾರ ಎಂದು ನಾನೇ ಎಷ್ಟು ಸಲ ತಾಲ್ಲೂಕು ಪಂಚಾಯತ್ ಸದಸ್ಯೆಯೊಬ್ಬರ ಹತ್ತಿರ ಹೋಗಿದ್ದೆ! ಅವರು ಸ್ಕೂಟರಿನಲ್ಲಿ ಬಂದು ನೋಡಿ ಹೋಗುತ್ತಿದ್ದರು. ಅಷ್ಟು ಹತ್ತಿರದ ಒಬ್ಬ ಪ್ರತಿನಿಧಿ ಈಗ ಆ ಶಾಲೆಗಿಲ್ಲ.

ಕೊನೆಗೆ ಮೋರಿಯ ಅರ್ಜಿ ಬೈಂದೂರು ಶಾಸಕರಿಗೆ, ಪ್ರತಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆಗೆ. ಬಸ್ಸಿನ ಅರ್ಜಿಯೂ ಶಾಸಕರಿಗೇ, ಆದರೆ ಬೇರೆ ಹಾಳೆಯಲ್ಲಿ. ಒಬ್ಬರಿಗೇ ಎರಡು ಯಾಕೆ ಎಂದು ತಮ್ಮ ಕೇಳಿದ. ಶಾಸಕರು ಇದನ್ನು ಎರಡು ಇಲಾಖೆಗೆ ಕಳುಹಿಸಬೇಕು, ಒಂದೇ ಹಾಳೆಯಾದರೆ ಒಂದು ಕಡತಕ್ಕೆ ಸೇರುತ್ತದೆ, ಇನ್ನೊಂದು ಬೇಡಿಕೆ ಅಲ್ಲೇ ಸಾಯುತ್ತದೆ ಎಂಬುದು ರೈಟರ ಉತ್ತರ.

ಬರೆಯುವ ಕ್ರಮವೂ ನನಗೆ ಹಿಡಿಸಿತು. ಹಳೆಯ ಹಾಳೆಯಲ್ಲಿ ‘ತಮ್ಮ ಪಾದಾರವಿಂದಗಳಲ್ಲಿ’ ಎಂದಿತ್ತು. ಅದನ್ನು ಹೊಡೆದುಹಾಕಿ, “ನೀವು ವೋಟು ಹಾಕಿದವರು, ಕೇಳುವ ಹಕ್ಕಿದೆ” ಎಂದರು. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಎಷ್ಟು ಮಕ್ಕಳು ದಾಟುತ್ತಾರೆ ಎಂದು ಮೂರು ದಿನ ಎಣಿಸಿ ಫೋನ್ ಮಾಡಲು ಹೇಳಿದರು. ತಮ್ಮ ಎಣಿಸಿದ: 41, 38, 44. ಆ ಸಂಖ್ಯೆಗಳು ಅರ್ಜಿಯ ಮೊದಲ ಪ್ಯಾರಾಕ್ಕೆ ಬಂದವು. ಹೀಗೆ ಎಣಿಕೆಯಿರುವ ಅರ್ಜಿಯಾದರೆ ಸಂಸದರು ಮನಸ್ಸು ಮಾಡಿದರೆ ಸದನದಲ್ಲಿ ಪ್ರಶ್ನೆಯಾಗಿಯೂ ಕೇಳಬಹುದು ಎಂದರು. ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಅದಕ್ಕೆ ಮಂತ್ರಿ ಎದ್ದು ಉತ್ತರ ಹೇಳಬೇಕು. ಚುಕ್ಕೆ ಗುರುತಿಲ್ಲದ್ದು 230, ಅದಕ್ಕೆ ಲಿಖಿತ ಉತ್ತರ. ಎಂಪಿ ಎಂದರೆ ದುಡ್ಡು ತರುವವರು ಮಾತ್ರವಲ್ಲ, ಉತ್ತರ ತರಿಸುವವರೂ ಹೌದು ಎಂದು ಅವರ ವಾದ. ನನಗೂ ಈಗ ಹಾಗೇ ಅನ್ನಿಸುತ್ತದೆ.

ದುಡ್ಡಿನ ಲೆಕ್ಕವೂ ಅವರಿಗೆ ಬಾಯಿಪಾಠ. ನಾವಿದ್ದಾಗಲೇ ಭಜನಾ ಮಂದಿರದ ಮಾಡಿಗೆ ಎಂಪಿ ನಿಧಿಯಿಂದ ಕೇಳಬೇಕು ಎಂದು ಇಬ್ಬರು ಬಂದರು. ಪೂಜಾ ಸ್ಥಳಕ್ಕೆ ಆ ಹಣ ಕೊಡುವಂತಿಲ್ಲ ಎಂದು ಹೇಳಿ, ಅರ್ಜಿ ಬರೆಯದೆ, ಒಂದು ಪೈಸೆಯೂ ತೆಗೆದುಕೊಳ್ಳದೆ ಕಳುಹಿಸಿದರು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಸಮನಾಗಿ ಹಂಚಿದರೆ ತಲಾ ಅರವತ್ತೆರಡೂವರೆ ಲಕ್ಷ. ಅದರಲ್ಲೂ ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ರಾಜ್ಯಸಭಾ ಸದಸ್ಯರಾದರೆ ತಮ್ಮ ರಾಜ್ಯದ ಯಾವ ಜಿಲ್ಲೆಗೂ ಶಿಫಾರಸು ಮಾಡಬಹುದು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರಂತೆ ನಾಮನಿರ್ದೇಶನಗೊಂಡವರಾದರೆ ದೇಶದ ಎಲ್ಲಿಗೂ.

ರೈಟರ ಮೇಲೆ ನನಗೆ ಮೊದಲು ಗೌರವ ಮೂಡಿದ್ದು ಇದಕ್ಕಿಂತ ಹಿಂದೆ, 2023ರ ಅಕ್ಟೋಬರಿನಲ್ಲಿ. ಪಿಂಚಣಿಯ ಕಾಗದಗಳ ಜೆರಾಕ್ಸಿಗೆ ಹೋಗಿದ್ದೆ. ಕಾಗದ ಜೋಡಿಸುತ್ತಾ, “ಟೀಚರೇ, ನಿಮಗೆ ಡಿಗ್ರಿ ಆಗಿದೆಯಾ?” ಎಂದು ಕೇಳಿದರು. ಆಗಿತ್ತು. ಕೆಲಸದಲ್ಲಿದ್ದಾಗಲೇ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಮಾಡಿದ್ದೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಓದಿ. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಪ್ರತಿ ಸಲ ಚುನಾವಣೆ ಬಂದಾಗ ನನಗೊಂದು ನೋವಿತ್ತು. ಅಲ್ಲಿ ಹೈಸ್ಕೂಲು ಮತ್ತು ಅದಕ್ಕೆ ಮೇಲಿನ ಶಿಕ್ಷಕರಿಗೆ ಮಾತ್ರ ಮತ. ಅಕ್ಷರ ತಿದ್ದಿಸಿದ ಪ್ರಾಥಮಿಕ ಶಾಲೆಯವರಿಗಿಲ್ಲ. ಇದು ಸರಿಯಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಪದವೀಧರರ ಕ್ಷೇತ್ರದಲ್ಲಿ ನನಗೂ ಮತವಿದೆ, ಅದಕ್ಕೆ ಬೇರೆಯೇ ನಮೂನೆ 18 ತುಂಬಬೇಕು, ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆ ದಿನ, ಆ ಮಾಳಿಗೆಯಲ್ಲಿ.

2024ರ ಜೂನ್ 3ರಂದು ನೈಋತ್ಯ ಪದವೀಧರರ ಕ್ಷೇತ್ರದ ಮತಗಟ್ಟೆಗೆ ಹೋದೆ. ಯಂತ್ರವಿಲ್ಲ, ಗುಂಡಿಯಿಲ್ಲ. ಉದ್ದದ ಕಾಗದ, ನೇರಳೆ ಬಣ್ಣದ ಸ್ಕೆಚ್ ಪೆನ್ನು. ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಬರೆಯಬೇಕು. ಅಷ್ಟು ವರ್ಷ ಮಕ್ಕಳ ಕೈ ಹಿಡಿದು ಬರೆಸಿದ ಅದೇ ಅಂಕಿ. ‘1’ ಬರೆಯುವಾಗ ಕೈ ಸ್ವಲ್ಪ ನಡುಗಿತು. ನನ್ನ ಬಿಎ ಪ್ರಮಾಣಪತ್ರಕ್ಕೆ ಅಷ್ಟು ದೊಡ್ಡ ಉಪಯೋಗ ಅದುವರೆಗೆ ಆಗಿರಲಿಲ್ಲ.

ಇನ್ನು ಕೊರತೆಗಳು. ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಸರಳಿಲ್ಲ. ಮಂಡಿನೋವಿನವರಿಗೆ ಕಷ್ಟ. ಕೆಳಗಿನಿಂದ ಫೋನ್ ಮಾಡಿದರೆ ಟೈಪ್ ಮಾಡುವ ಹುಡುಗಿ ಇಳಿದು ಬಂದು ಕಾಗದ ತೆಗೆದುಕೊಂಡು ಹೋಗುತ್ತಾಳೆ, ಆದರೆ ಅದು ಮೊದಲೇ ಗೊತ್ತಿರಬೇಕು. ಕೂರಲು ಎರಡೇ ಕುರ್ಚಿ. ಸೋಮವಾರ ಒಂದು ಗಂಟೆಯಾದರೂ ಕಾಯಬೇಕು. ಅವಸರದವರಿಗೆ ಈ ಅಂಗಡಿ ಆಗುವುದಿಲ್ಲ, ಅವರು ಪ್ರಶ್ನೆ ಕೇಳದೆ ಒಂದು ಸಾಲೂ ಬರೆಯುವುದಿಲ್ಲ. ಆನ್‌ಲೈನ್ ದೂರು ದಾಖಲಿಸಿ ಕೊಡಿ ಎಂದರೆ ಒಪ್ಪುವುದಿಲ್ಲ. ಈ ಕಾಲದಲ್ಲಿ ಅದನ್ನೂ ಮಾಡಿಕೊಡಬೇಕು ಎಂದು ನಾನು ಅವರಿಗೇ ಹೇಳಿದ್ದೇನೆ. ದರ ಹಾಳೆಗೆ ಐವತ್ತು ರೂಪಾಯಿ, ಜೆರಾಕ್ಸ್ ಬೇರೆ. ನಮ್ಮ ನಾಲ್ಕು ಹಾಳೆಗೆ, ಪ್ರತಿಗಳೂ ಸೇರಿ ಇನ್ನೂರ ಮೂವತ್ತಾಯಿತು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಒಂದು ಪ್ರತಿ ಹೆಚ್ಚಿಗೆ ಮಾಡಿ, ಅದಕ್ಕೆ ಪೆನ್ಸಿಲಿನಲ್ಲಿ ‘ನಿಮ್ಮದು’ ಎಂದು ಗುರುತು ಹಾಕಿ ಕೊಡುತ್ತಾರೆ.

ನವರಾತ್ರಿಯ ಹೊತ್ತಿಗೆ ಊರಿನ ಒಳರಸ್ತೆಯಲ್ಲಿ ಎರಡು ದೀಪ ಬಂದವು. ಮೋರಿಯನ್ನು ಇಂಜಿನಿಯರ್ ಬಂದು ಅಳೆದು ಹೋಗಿದ್ದಾರೆ. ಹೆದ್ದಾರಿಯ ಅರ್ಜಿಯನ್ನು ಸಂಬಂಧಪಟ್ಟವರಿಗೆ ಕಳುಹಿಸಿದ್ದೇವೆ ಎಂದು ಸಂಸದರ ಕಚೇರಿಯ ಪತ್ರ ಬಂತು, ಅದರ ಮೇಲೆ ಸಂಖ್ಯೆಯೂ ಇದೆ. ಬಸ್ಸಿನ ಸುದ್ದಿಯಿಲ್ಲ. ಮಗು ಈಗಲೂ ಅಜ್ಜಿಯ ಕೈ ಹಿಡಿದೇ ದಾಟುತ್ತದೆ. ಪತ್ರದ ಸಂಖ್ಯೆಯನ್ನು ರೈಟರು ತಮ್ಮ ಉದ್ದದ ಪುಸ್ತಕದಲ್ಲಿ ಬರೆದುಕೊಂಡು, ಮೂರು ತಿಂಗಳಾದರೆ ನೆನಪೋಲೆ ಬರೆಯೋಣ, ಅದಕ್ಕೆ ದುಡ್ಡು ಬೇಡ ಎಂದಿದ್ದಾರೆ. ಬರುವ ವಾರ ಮೂರು ತಿಂಗಳಾಗುತ್ತದೆ. ರಸ್ತೆ ದಾಟುವ ಮಕ್ಕಳನ್ನು ತಮ್ಮ ಪುನಃ ಎಣಿಸುತ್ತಿದ್ದಾನೆ.

ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು, ಮಧ್ಯಾಹ್ನ ಮೂರರಿಂದ ಆರು, ಭಾನುವಾರ ರಜೆ. ಹೋಗುವಾಗ ವೋಟರ್ ಕಾರ್ಡು ಮರೆಯಬೇಡಿ.