ಮನೆಪಾಠದ ಪಿಯಾನೊ ಟೀಚರ್: ನಾಲ್ಕೈದು ವರ್ಷ ಹತ್ತಿರದಿಂದ ನೋಡಿದ ಮೇಲೆ

ಬೆಂಗಳೂರಿನಲ್ಲಿ ಪಿಯಾನೊ ಕಲಿಸುವವರಿಗೆ ಬರವಿಲ್ಲ. ಯಾವ ಬಡಾವಣೆಯ ಹೆಸರು ಹಾಕಿ ಹುಡುಕಿದರೂ ಮೊಬೈಲ್ ತುಂಬ ವಿಳಾಸಗಳು ಬಂದು ಬೀಳುತ್ತವೆ. ಆದರೆ ಒಂದು ತರಗತಿಗೂ ಮುಂದಿನ ತರಗತಿಗೂ ನಡುವಿನ ಆರು ದಿನ ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವುದು ಹೇಗೆ ಎಂಬುದನ್ನು ಕಲಿಸಿಕೊಡುವವರು ಬಹಳ ಕಡಿಮೆ. ನನ್ನ ಮಗಳು ಏಳನೇ ವಯಸ್ಸಿನಲ್ಲಿ ಪಿಯಾನೊ ಶುರು ಮಾಡಿದಳು. ಅವಳ ಬೆನ್ನಿಗೇ ನಿವೃತ್ತರಾದ ನನ್ನ ತಾಯಿಯೂ ಸೇರಿಕೊಂಡರು. ಇಬ್ಬರೂ ಈಗ ಒಬ್ಬರೇ ಟೀಚರ್ ಬಳಿ ಕಲಿಯುತ್ತಿದ್ದಾರೆ. ಅವರು ಪ್ರಚಾರ ಬಯಸುವವರಲ್ಲವಾದ್ದರಿಂದ ಹೆಸರು ಬರೆಯುವುದಿಲ್ಲ. ಆದರೆ ಅವರು ಕಲಿಸುವ ಬಗೆಯನ್ನು ವಿವರವಾಗಿ ಬರೆಯಲೇಬೇಕು ಅನಿಸಿದೆ. ಅಂಥವರನ್ನು ಗುರುತಿಸಲು ಬೇರೆಯವರಿಗೂ ಅದು ನೆರವಾದೀತು.

ಮೊದಲು ನಾವು ಸೇರಿಸಿದ್ದು ಹಲವು ಶಾಖೆಗಳಿರುವ ಒಂದು ಸಂಗೀತ ತರಬೇತಿ ಕೇಂದ್ರಕ್ಕೆ. ಹವಾನಿಯಂತ್ರಿತ ಕೋಣೆ, ಹೊಸ ವಾದ್ಯಗಳು, ಹಾಜರಾತಿಗೆ ಆ್ಯಪ್, ಯಾವುದಕ್ಕೂ ಕೊರತೆಯಿರಲಿಲ್ಲ. ನಿಲ್ಲದಿದ್ದವರು ಕಲಿಸುವವರು ಮಾತ್ರ. ಮಗು ಒಬ್ಬರ ರೀತಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು. ಹಿಂದಿನವರು ಎಲ್ಲಿಗೆ ನಿಲ್ಲಿಸಿದ್ದರು ಎಂಬ ಟಿಪ್ಪಣಿ ಅವರ ಕೈಯಲ್ಲಿ ಇರುತ್ತಿರಲಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ: ವರ್ಷಪೂರ್ತಿ ಪರೀಕ್ಷೆಯ ಮೂರು ಕೃತಿಗಳು, ಅವು ಮಾತ್ರ. ಮಗಳು ಬೆರಳುಗಳ ಚಲನೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಎದುರಿಗಿದ್ದ ಸ್ವರಲಿಪಿಯ ಹಾಳೆ ತೆಗೆದು ಬೇರೊಂದು ಸುಲಭದ ಹಾಳೆ ಇಟ್ಟರೆ ಒಂದು ಸಾಲೂ ಓದಲು ಬರುತ್ತಿರಲಿಲ್ಲ.

ಈಗಿನ ಟೀಚರ್ ಸಿಕ್ಕಿದ್ದು ಅಂತರ್ಜಾಲದಿಂದಲ್ಲ. ನಮ್ಮ ಕಟ್ಟಡದ ಹಿರಿಯರೊಬ್ಬರ ಮನೆಯ ಹಳೆಯ ಪಿಯಾನೊಗೆ ಶ್ರುತಿ ಮಾಡಲು ಬರುವವರನ್ನು ಕೇಳಿದೆ. ಪಿಯಾನೊ ಶ್ರುತಿ ಮಾಡುವವರಿಗೆ ಊರಿನ ಕಲಿಸುವವರ ಮನೆಗಳೆಲ್ಲ ಗೊತ್ತಿರುತ್ತವೆ. ಯಾರು ತಮ್ಮ ವಾದ್ಯವನ್ನು ತಪ್ಪದೆ ಶ್ರುತಿ ಮಾಡಿಸುತ್ತಾರೆ, ಯಾರ ಮನೆಯಲ್ಲಿ ಮಕ್ಕಳು ನಿಜಕ್ಕೂ ಕಲಿಯುತ್ತಿದ್ದಾರೆ ಎಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಚರ್ಚಿನ ಗಾಯಕವೃಂದದವರನ್ನು ಕೇಳುವುದೂ ಒಳ್ಳೆಯ ದಾರಿ. 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಸಂಸ್ಥೆಗಳ ಸಂಗೀತ ಕಛೇರಿಗಳಿಗೆ ಹೋಗಿ, ಚೆನ್ನಾಗಿ ನುಡಿಸಿದ ಮಗುವಿನ ತಂದೆತಾಯಿಯನ್ನು ಮಾತನಾಡಿಸಿದರೂ ಆದೀತು.

ಸೇರುವ ಮುಂಚಿನ ಪ್ರಾಯೋಗಿಕ ತರಗತಿಯಲ್ಲೇ ನನಗೆ ನಂಬಿಕೆ ಬಂತು. ಮಗಳು ಜಿ ಮೇಜರ್ ಸ್ವರಶ್ರೇಣಿಯನ್ನು ಬಲಗೈಯಲ್ಲಿ ನುಡಿಸುತ್ತಿದ್ದಳು. ಜಿ, ಎ, ಬಿ, ಸಿ, ಡಿ ಸಲೀಸಾಗಿ ಬಂದವು. ಇ ಬಳಿ ಬಂದಾಗ ಕೈ ತಡವರಿಸಿತು. ಮತ್ತೆ ಮೊದಲಿನಿಂದ, ಮತ್ತೆ ಅಲ್ಲೇ ತಡೆ. ಹಿಂದಿನ ಕೇಂದ್ರದಲ್ಲಾಗಿದ್ದರೆ 'ಇನ್ನೊಮ್ಮೆ' ಎನ್ನುತ್ತಿದ್ದರು. ಇವರು ಅವಳ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿ, "ಎಲ್ಲಿ ತಪ್ಪಾಯಿತು?" ಎಂದು ಕೇಳಿದರು. ಅವಳು ಇ ತೋರಿಸಿದಳು. "ಅಲ್ಲಲ್ಲ, ಅಲ್ಲಿ ಬೆರಳು ಮುಗಿದುಹೋಯಿತು ಅಷ್ಟೇ. ತಪ್ಪಾದದ್ದು ಅದಕ್ಕಿಂತ ಮುಂಚೆ. ಹುಡುಕು" ಎಂದರು. ಮಗಳು ಒಂದೊಂದೇ ಸ್ವರ ಹಿಂದಕ್ಕೆ ಹೋದಳು. ಬಿ ಮೇಲೆ ನಡುಬೆರಳು ಇರುವಾಗಲೇ ಹೆಬ್ಬೆರಳು ಅದರ ಅಡಿಯಿಂದ ನುಸುಳಿ ಸಿ ಮೇಲೆ ಕೂರಬೇಕಿತ್ತು. ಅದು ಬಾರದೆ ನಾಲ್ಕನೇ, ಐದನೇ ಬೆರಳು ಖರ್ಚಾಗಿದ್ದವು. ಅವಳೇ ಕಂಡುಹಿಡಿದಳು. ಆಮೇಲೆ ಎ, ಬಿ, ಸಿ ಈ ಮೂರೇ ಸ್ವರಗಳು, ನಿಧಾನಕ್ಕೆ, ಹೆಬ್ಬೆರಳಿನ ಚಲನೆಯನ್ನು ಕಣ್ಣಿನಿಂದ ನೋಡುತ್ತಾ. ಅದು ಕುದುರಿದ ಮೇಲೆ ನಾಲ್ಕನೆಯದು. ಕೊನೆಗೆ ಹಾಳೆಯಲ್ಲಿ ಸಿ ಮೇಲೆ ಪೆನ್ಸಿಲ್‌ನಲ್ಲಿ ಪುಟ್ಟದಾಗಿ ಹೆಬ್ಬೆರಳಿನ ಗುರುತಾದ '1' ಎಂದು ಅವಳ ಕೈಯಲ್ಲೇ ಬರೆಸಿದರು.

ಅವರ ಪಾಠವೆಲ್ಲ ಇದೇ ರೀತಿ. ಪ್ರತಿ ತರಗತಿಯ ಕೊನೆಯ ಐದು ನಿಮಿಷ ನೋಟ್‌ಬುಕ್‌ಗೆ ಮೀಸಲು. 'ದಿನಾ ಅರ್ಧ ಗಂಟೆ ಅಭ್ಯಾಸ ಮಾಡು' ಎಂದು ಅದರಲ್ಲಿ ಎಂದೂ ಬರೆಸಿಲ್ಲ. 'ಒಂಬತ್ತನೇ ಮತ್ತು ಹತ್ತನೇ ಬಾರ್, ಎಡಗೈ ಮಾತ್ರ, ಮೆಟ್ರೊನೋಮ್ 60ರಲ್ಲಿ, ತಡವರಿಸದೆ ಮೂರು ಸಲ ಬಂದರೆ ನಿಲ್ಲಿಸು' ಎಂಬಂಥ ಸೂಚನೆ ಇರುತ್ತದೆ (ಬಾರ್ ಎಂದರೆ ಸ್ವರಲಿಪಿಯಲ್ಲಿ ಗೆರೆಗಳ ನಡುವಿನ ಒಂದು ತುಂಡು; ಮೆಟ್ರೊನೋಮ್ ಎಂದರೆ ಲಯ ಬಡಿಯುವ ಸಾಧನ, 60 ಎಂದರೆ ನಿಮಿಷಕ್ಕೆ 60 ಬಡಿತ). ಬರೆಯುವವಳು ಮಗಳು. ನಮಗೆ, ತಂದೆತಾಯಿಗೆ, ಒಂದೇ ಸೂಚನೆ: ಪಕ್ಕದಲ್ಲಿ ಕುಳಿತು ತಿದ್ದಬೇಡಿ, ನೋಟ್‌ಬುಕ್ ತೆರೆದಿದೆಯೇ ಎಂದು ಮಾತ್ರ ನೋಡಿ. ಅಭ್ಯಾಸಕ್ಕೆ ಕೂರು ಎಂದು ಜಗಳವಾಡುವ ಸಂಜೆಗಳು ನಮ್ಮ ಮನೆಯಲ್ಲಿ ಕಡಿಮೆಯಾದದ್ದು ಇದರಿಂದಲೇ. ಏನು ಮಾಡಬೇಕು, ಯಾವಾಗ ಮುಗಿಯುತ್ತದೆ ಎರಡೂ ಗೊತ್ತಿದ್ದರೆ ಮಗು ತಾನಾಗಿ ಕೂರುತ್ತದೆ.

ವಾದ್ಯದ ವಿಷಯದಲ್ಲಿ ಅವರು ರಾಜಿಯಾಗುವವರಲ್ಲ. 61 ಕೀಗಳ ಹಗುರ ಕೀಬೋರ್ಡಿನಲ್ಲಿ ಮೊದಲ ಕೆಲವು ತಿಂಗಳು ಸಾಗೀತು, ಆಮೇಲೆ 88 ಕೀಗಳ, ಒತ್ತಿದರೆ ಭಾರ ತೋರುವ ಡಿಜಿಟಲ್ ಪಿಯಾನೊ ಬೇಕೇ ಬೇಕು ಎಂದರು. ಹಗುರ ಕೀಗಳ ಮೇಲೆ ಮೆತ್ತಗೆ ನುಡಿಸುವುದಕ್ಕೂ ಜೋರಾಗಿ ನುಡಿಸುವುದಕ್ಕೂ ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆ ಅಭ್ಯಾಸವನ್ನು ಬಿಡಿಸುವುದು ಕಷ್ಟ ಎಂಬುದು ಕಾರಣ. ತಂತಿಗಳಿರುವ ನಿಜ ಪಿಯಾನೊ ಕೊಳ್ಳಿ ಎಂದು ಮಾತ್ರ ಒತ್ತಾಯಿಸಲಿಲ್ಲ. ಮಳೆಗಾಲದ ತೇವ, ಶ್ರುತಿಯ ಖರ್ಚು, ಫ್ಲಾಟಿನ ಜಾಗ ಎಲ್ಲವನ್ನೂ ಅವರೇ ಲೆಕ್ಕ ಹಾಕಿ ಹೇಳಿದರು. ವಾದ್ಯಕ್ಕಿಂತ ಮೊದಲು ಕೊಡಿಸಿದ್ದು ಎತ್ತರ ಬದಲಿಸಬಹುದಾದ ಬೆಂಚು, ಜೊತೆಗೆ ಕಾಲಡಿಗೆ ಒಂದು ಮಣೆ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಪಾದ ಜೋತಾಡಬಾರದು.

ಪರೀಕ್ಷೆಗಳ ಬಗ್ಗೆ ಪೋಷಕರಲ್ಲಿ ಬಹಳ ಗೊಂದಲವಿದೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವವು ಎರಡು: ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಯಾದ ಎಬಿಆರ್‌ಎಸ್‌ಎಂ ಮತ್ತು ಲಂಡನ್ನಿನ ಟ್ರಿನಿಟಿ ಕಾಲೇಜಿನವು. ಎರಡರಲ್ಲೂ ಎಂಟು ಗ್ರೇಡ್‌ಗಳು, ಅದಕ್ಕೂ ಮುಂಚೆ ಒಂದು ಇನಿಶಿಯಲ್ ಹಂತ. ಎಬಿಆರ್‌ಎಸ್‌ಎಂನ ಮುಖಾಮುಖಿ ಪರೀಕ್ಷೆಗೆ ಒಟ್ಟು 150 ಅಂಕ, ತೇರ್ಗಡೆಗೆ 100. ಮೂರು ಕೃತಿಗಳಿಗೆ ತಲಾ 30ರಂತೆ 90 ಅಂಕ, ಉಳಿದ 60 ಅಂಕ ಶ್ರೇಣಿಗಳಿಗೆ, ನೋಡಿದೊಡನೆ ಓದಿ ನುಡಿಸುವುದಕ್ಕೆ, ಕಿವಿಯ ಪರೀಕ್ಷೆಗೆ. ಅಂದರೆ ಮೂರು ಕೃತಿಗಳನ್ನು ಒಂದೂ ತಪ್ಪಿಲ್ಲದೆ ನುಡಿಸಿ 90ಕ್ಕೆ 90 ತೆಗೆದರೂ ತೇರ್ಗಡೆಗೆ ಸಾಲದು! ಕೃತಿಗಳನ್ನಷ್ಟೇ ಉರು ಹೊಡೆಸುವ ಕಡೆ ಮಕ್ಕಳು ಎಲ್ಲಿ ಸೋಲುತ್ತಾರೆ ಎಂಬುದು ಈ ಲೆಕ್ಕದಲ್ಲೇ ಇದೆ. ಆರನೇ ಗ್ರೇಡಿಗೆ ಹೋಗಬೇಕಾದರೆ ಎಬಿಆರ್‌ಎಸ್‌ಎಂನಲ್ಲಿ ಐದನೇ ಗ್ರೇಡಿನ ಸಂಗೀತ ಸಿದ್ಧಾಂತದ ಪರೀಕ್ಷೆ, ಇಲ್ಲವೇ ಅದಕ್ಕೆ ಬದಲಾಗಿ ಅವರು ಒಪ್ಪುವ ಇನ್ನೊಂದು ಪರೀಕ್ಷೆ ಮೊದಲೇ ಆಗಿರಬೇಕು. ಇದನ್ನು ಮೊದಲೇ ಹೇಳದೆ ಐದನೇ ಗ್ರೇಡ್ ಮುಗಿದ ಮೇಲೆ ಹೇಳುವವರೂ ಇದ್ದಾರೆ. ಪ್ರತಿ ಗ್ರೇಡ್ ಬರೆಯಬೇಕೆಂಬ ನಿಯಮವಿಲ್ಲ. ನಮ್ಮ ಟೀಚರ್ ಮಗಳಿಗೆ ಒಂದನ್ನು ಬಿಡಿಸಿ, ಆ ವರ್ಷ ಬರೀ ಓದಿ ನುಡಿಸುವ ಪುಟ್ಟ ಪುಟ್ಟ ಕೃತಿಗಳನ್ನು ರಾಶಿ ರಾಶಿ ಕೊಟ್ಟರು. ಅವಳು ಅತಿ ಹೆಚ್ಚು ಬೆಳೆದ ವರ್ಷ ಅದೇ.

ಇನ್ನು ನನ್ನ ತಾಯಿ. ಮೈಸೂರಿನಲ್ಲಿ ಬೆಳೆದವರು, ಬಾಲ್ಯದಲ್ಲಿ ಕರ್ನಾಟಕ ಸಂಗೀತ ಹಾಡಿದವರು. ಈ ವಯಸ್ಸಿನಲ್ಲಿ ಪಿಯಾನೊ ಕಲಿತರೆ ಇರುವ ಶ್ರುತಿಜ್ಞಾನವೂ ಕೆಡುತ್ತದೆ ಎಂದು ನೆಂಟರೊಬ್ಬರು ಎಚ್ಚರಿಸಿದಾಗ ಅಮ್ಮ ಜಯಚಾಮರಾಜ ಒಡೆಯರ್ ಅವರ ಹೆಸರು ಹೇಳಿ ಬಾಯಿ ಮುಚ್ಚಿಸಿದರು. 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಅವರು. ಪಿಯಾನೊ ವಾದಕರೂ ಹೌದು. ರಷ್ಯಾದ ಪಿಯಾನೊ ವಾದಕ, ಸಂಯೋಜಕ ಮೆಡ್ನರ್ ಅವರ ಕೃತಿಗಳನ್ನು 1940ರ ದಶಕದಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಒದಗಿಸಿದವರೂ ಅವರೇ.

ಟೀಚರ್ ಅಮ್ಮನಿಗೆ ಮಕ್ಕಳ ಪುಸ್ತಕ ಕೊಡಲಿಲ್ಲ. ಮೊದಲ ದಿನ ಮಾಯಾಮಾಳವಗೌಳ ರಾಗವನ್ನು ಹಾಡಿಸಿ, ಅದನ್ನೇ ಸಿ ಇಂದ ನುಡಿಸಿ ಎಂದರು. ಐದು ಬಿಳಿ ಕೀ, ಎರಡು ಕರಿ ಕೀ, ಮೇಲೆ ತಾರಷಡ್ಜ. ಅಮ್ಮ ಹುಡುಕಿ ಹುಡುಕಿ ಒತ್ತಿದರು, ತಪ್ಪಿದಾಗ ಅವರ ಕಿವಿಯೇ ಅವರನ್ನು ತಿದ್ದಿತು. ಮುಂದಿನ ವಾರ ಎಡಗೈಯಲ್ಲಿ ಷಡ್ಜ ಪಂಚಮ ಹಿಡಿದು ಬಲಗೈಯಲ್ಲಿ ಸರಳೆ ವರಸೆ, ಆಮೇಲೆ ಬೆರಳು ಬದಲಿಸುತ್ತಾ ಜಂಟಿ ವರಸೆ, ಮೆಟ್ರೊನೋಮ್ ಇಟ್ಟು ಮೂರು ಕಾಲ, ಅಂದರೆ ಮೂರು ವೇಗಗಳಲ್ಲಿ. ಬಿಳಿ ಕೀಗಳಷ್ಟೇ ಇರುವ ಸಿ ಮೇಜರ್ ಎಂದರೆ ಶಂಕರಾಭರಣದ ಸ್ವರಸ್ಥಾನಗಳೇ ಎಂದು ತಿಳಿದ ದಿನ ಅಮ್ಮ ಮನೆಗೆ ಬಂದು ಎಲ್ಲರಿಗೂ ಹೇಳಿದರು. ಗಮಕ ಪಿಯಾನೊದಲ್ಲಿ ಬಾರದು, ಅದನ್ನು ಟೀಚರ್ ಮುಚ್ಚಿಡಲೂ ಇಲ್ಲ. "ಅದಕ್ಕೆ ನಿಮ್ಮ ಕಂಠವಿದೆ, ಇಲ್ಲಿ ಎರಡು ಕೈ ಒಟ್ಟಿಗೆ ಬೇರೆ ಬೇರೆ ಮಾತಾಡುವುದನ್ನು ಕಲಿಯಿರಿ" ಎಂದರು. ಬೆರಳ ಗಂಟು ನೋಯುವ ದಿನಗಳಲ್ಲಿ ಅಗಲದ ಸ್ವರಮೇಳ ಬಿಡಿಸಿ ಬರೀ ಲಿಪಿ ಓದಿಸುತ್ತಾರೆ. ದೊಡ್ಡವರಿಗೆ ಕಲಿಸುವವರನ್ನು ಹುಡುಕುವವರು ಇದನ್ನು ಗಮನಿಸಬೇಕು: ನಿಮಗೆ ಈಗಾಗಲೇ ಏನು ಬರುತ್ತದೆ ಎಂದು ಮೊದಲು ಕೇಳುವವರು ಸಿಕ್ಕರೆ ಬಿಡಬೇಡಿ.

ಕೊರತೆಗಳೂ ಇವೆ. ಶುಲ್ಕ ತರಗತಿಗೆ 800 ರೂಪಾಯಿ ಇದ್ದದ್ದು ಈಗ 1,000 ಆಗಿದೆ, ತಿಂಗಳ ಹಣ ಮುಂಗಡ. ಹಿಂದಿನ ದಿನ ತಿಳಿಸದೆ ತಪ್ಪಿಸಿದರೆ ಬದಲಿ ತರಗತಿ ಇಲ್ಲ. ಜ್ವರ ಬಂದ ಮಗುವಿಗೂ ಅದೇ ನಿಯಮ, ಇದು ನನಗೆ ಒಪ್ಪಿಗೆಯಿಲ್ಲ. ಅವರು ನಮ್ಮ ಮನೆಗೆ ಬರುವುದಿಲ್ಲ, ನಾವೇ ಸಂಜೆಯ ಸಂಚಾರದಲ್ಲಿ ಹೋಗಬೇಕು. ಆನ್‌ಲೈನ್ ಪಾಠವೂ ಇಲ್ಲ. ಶಿವಮೊಗ್ಗದಲ್ಲಿರುವ ನನ್ನ ತಂಗಿಯ ಮಗ ಬೇರೊಬ್ಬರ ಬಳಿ ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದಾನೆ, ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಕ್ಯಾಮೆರಾವನ್ನು ಮುಖಕ್ಕಲ್ಲ, ಮೇಲಿನಿಂದ ಕೈಗಳಿಗೆ ಹಿಡಿಯಬೇಕು. ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಆಯ್ಕೆ ಹಾಕದಿದ್ದರೆ ಪಿಯಾನೊದ ನಾದವನ್ನೇ ಗದ್ದಲವೆಂದು ಅದು ಕತ್ತರಿಸುತ್ತದೆ. ಇಬ್ಬರೂ ಒಟ್ಟಿಗೆ ನುಡಿಸುವುದಂತೂ ಅಲ್ಲಿ ಆಗದ ಮಾತು.

ಪ್ರಾಯೋಗಿಕ ತರಗತಿಗೆ ಹೋದಾಗ ಪ್ರಮಾಣಪತ್ರ ಕೇಳುವುದರ ಜೊತೆಗೆ ಮಗುವಿಗೆ ಬಾರದ ಒಂದು ಸಾಲನ್ನು ಬೇಕೆಂದೇ ತೆಗೆದುಕೊಂಡು ಹೋಗಿ. ಅದು ಮುರಿದು ಬಿದ್ದಾಗ ಕಲಿಸುವವರು ಏನು ಮಾಡುತ್ತಾರೆ ಎಂದು ನೋಡಿ, ಅಷ್ಟು ಸಾಕು. ನಮ್ಮ ಟೀಚರ್ ಬಳಿ ಸದ್ಯ ಜಾಗವಿಲ್ಲ. ಜೂನ್‌ನಲ್ಲಿ ಶಾಲೆಗಳ ವೇಳೆ ಬದಲಾಗುವಾಗ ಒಂದೆರಡು ಸ್ಥಾನ ತೆರವಾಗುವುದುಂಟು. ದೊಡ್ಡವರಿಗೆ ವಾರದ ದಿನಗಳ ಬೆಳಗಿನ ಹೊತ್ತು ಸುಲಭವಾಗಿ ಸಿಗುತ್ತದೆ.