ತಾಸಗಾಂವ, ಔದುಂಬರ: ಮಾರ್ಚ್‌ನಲ್ಲಿ ಹೋಗಿ, ಬೇದಾಣಾ (ಒಣದ್ರಾಕ್ಷಿ) ಮುಟ್ಟಿ ನೋಡಿ ಕೊಳ್ಳಿ

ಗಾಣಗಾಪುರದ ನಿರ್ಗುಣ ಪಾದುಕೆ, ನರಸೋಬವಾಡಿಯ ಮನೋಹರ ಪಾದುಕೆಗಳ ದರ್ಶನ ಮಾಡಿದವರಿಗೆ ಇನ್ನುಳಿಯುವುದು ಔದುಂಬರದ ವಿಮಲ ಪಾದುಕೆ. ದತ್ತ ಸಂಪ್ರದಾಯದ ಗುರು ನೃಸಿಂಹ ಸರಸ್ವತಿಗಳು ಒಂದು ಚಾತುರ್ಮಾಸ ಕಳೆದ ಕೃಷ್ಣೆಯ ದಂಡೆ ಇದು. ಸಾಂಗ್ಲಿ ಜಿಲ್ಲೆಯ ಈ ಪುಟ್ಟ ಊರಿಗೆ ಜತ್ತ, ಮಿರಜ ಕಡೆಯ ಕನ್ನಡಿಗರು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ಗುರುವಾರ, ಹುಣ್ಣಿಮೆ ಬಿಟ್ಟು ಬೇರೆ ದಿನ ಬಂದರೆ ಘಾಟಿನ ಮೇಲೆ ಸಾವಕಾಶವಾಗಿ ಕೂಡಲು ಜಾಗ ಸಿಗುತ್ತದೆ. ಕೆಳಗಿನ ಮೆಟ್ಟಿಲುಗಳು ಪಾಚಿ ಹಿಡಿದು ಜಾರುತ್ತವೆ. ವಯಸ್ಸಾದವರನ್ನು ಕೈಹಿಡಿದೇ ಇಳಿಸಬೇಕು. ಜುಲೈ, ಆಗಸ್ಟ್ ಬೇಡವೇ ಬೇಡ. 2019 ಮತ್ತು 2021ರಲ್ಲಿ ಈ ದಂಡೆಯ ಊರುಗಳು ಮಹಾಪೂರದಲ್ಲಿ ಮುಳುಗಿದ್ದವು.

ಅದೇ ಜಿಲ್ಲೆಯ ತಾಸಗಾಂವದಲ್ಲಿ ಪೇಶ್ವೆಗಳ ಸರದಾರ ಪರಶುರಾಮಭಾವು ಪಟವರ್ಧನರು ಕಟ್ಟಿಸಿದ ಗಣಪತಿ ಗುಡಿಗೆ ಏಳು ಅಂತಸ್ತಿನ ಗೋಪುರವಿದೆ. ಮರಾಠಿ ಸೀಮೆಯಲ್ಲಿ ದಕ್ಷಿಣದ ರೀತಿಯ ಗೋಪುರ ಕಾಣುವುದು ಅಪರೂಪ, ತಪ್ಪಿಸಬೇಡಿ.

ಆದರೆ ಈ ಊರಿನ ನಿಜವಾದ ಸಿರಿ ದ್ರಾಕ್ಷಿ. ಥಾಮ್ಸನ್ ತಳಿಯಿಂದ ಆರಿಸಿ ಬೆಳೆಸಿದ ‘ತಾಸ್-ಎ-ಗಣೇಶ’ ದ್ರಾಕ್ಷಿ ಹುಟ್ಟಿದ್ದು ಈ ತಾಲೂಕಿನಲ್ಲೇ. ವೈನ್ ರುಚಿ ನೋಡಬೇಕೆನ್ನುವವರು ನಾಸಿಕಕ್ಕೆ ಹೋಗಲಿ. ಇಲ್ಲಿಯ ತೋಟಗಳು ಹೆಚ್ಚಾಗಿ ತಿನ್ನುವ ಹಣ್ಣಿನವು, ಒಣದ್ರಾಕ್ಷಿಯವು. ಒಣದ್ರಾಕ್ಷಿಗೆ ಇಲ್ಲಿ ಬೇದಾಣಾ ಎನ್ನುತ್ತಾರೆ. ಸಾಂಗ್ಲಿಯ ಬೇದಾಣಾಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಕೂಡ ಸಿಕ್ಕಿದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿಸುವ ಶೆಡ್‌ಗಳು ತುಂಬಿರುತ್ತವೆ. ಮಾಲೀಕರನ್ನು ಕೇಳಿಕೊಂಡು ಒಳಗೆ ಹೋಗಿ ನೋಡಿ. 10 ಲೀಟರ್ ನೀರಿಗೆ ಸುಮಾರು 250 ಗ್ರಾಂ ಪೊಟ್ಯಾಶಿಯಂ ಕಾರ್ಬೊನೇಟ್, 150 ಮಿಲಿ ಡಿಪ್ಪಿಂಗ್ ಆಯಿಲ್ (ಹಣ್ಣು ಅದ್ದಲೆಂದೇ ಸಿಗುವ ಎಣ್ಣೆ) ಕಲಸಿ ಗೊಂಚಲನ್ನು ಕೆಲವು ನಿಮಿಷ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಹೊರಬೀಳಲಿ ಎಂದು ಹೀಗೆ ಮಾಡುವುದು. ಆಮೇಲೆ ನೆರಳಲ್ಲಿ, ಬಲೆಯ ಅಟ್ಟಗಳ ಮೇಲೆ ಎರಡು ವಾರ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಬೇದಾಣಾ. ಈ ನಡುವೆ ಅಕಾಲಿಕ ಮಳೆ ಬಿದ್ದರೆ ಗಾಳಿ ತೇವವಾಗಿ, ಕಾಳು ಕಪ್ಪಾಗಿ ಬೂಸು ಹಿಡಿಯುತ್ತದೆ. ಬೆಳೆಗಾರನ ವರ್ಷದ ದುಡಿಮೆ ಹೋಗುವುದೇ ಅಲ್ಲಿ.

ಹರಾಜಿನ ಪೇಟೆಯಲ್ಲಿ ವ್ಯವಹಾರ ಸಗಟು. ಒಂದೆರಡು ಕಿಲೋ ಬೇಕಾದವರು ಸುತ್ತಲಿನ ಅಂಗಡಿಗಳಿಗೆ ಹೋಗಬೇಕು. ಬಣ್ಣ ನೋಡಿ ಮರುಳಾಗಬೇಡಿ. ಹೊಳೆಯುವ ಹಳದಿಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ; ಮೂಗಿಗೆ ಹಿಡಿದರೆ ಖಾರದ ವಾಸನೆ ಬಡಿಯುತ್ತದೆ. ಉಬ್ಬಸ ಇರುವವರ ಮನೆಗೆ ಅದು ಬೇಡ. ನಮ್ಮ ಆಯ್ಕೆ ನೆರಳಲ್ಲಿ ಒಣಗಿದ ಹಸಿರು ಕಾಳು. ಒಂದು ಮುಷ್ಟಿ ಹಿಡಿದು ಹಿಂಡಿ ಬಿಡಿ. ಕಾಳು ಬಿಡಿಬಿಡಿಯಾದರೆ ಸರಿ, ಉಂಡೆಗಟ್ಟಿದರೆ ತೇವ ಹೆಚ್ಚು. ತೊಟ್ಟು ಉಳಿದಿದ್ದರೆ ದರ ಇಳಿಸಿ ಕೇಳಿ.

ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡಿ. ಹೊರಗಿಟ್ಟರೆ ಬೇಸಿಗೆಯ ಸೆಕೆಗೆ ಕಂದಾಗುತ್ತದೆ, ಮಳೆಗಾಲದಲ್ಲಿ ಹುಳು ಬೀಳುತ್ತದೆ. ಪಾಯಸಕ್ಕಾಗಲಿ ಮಕ್ಕಳ ಕೈಗಾಗಲಿ, ಬಿಸಿನೀರಲ್ಲಿ ಎರಡು ಸಲ ತೊಳೆದೇ ಕೊಡಿ.